ಮುಚ್ಚಳ ಹಾಕಿ ತೂಗಿ: ರಾಸಾಯನಿಕ ಕ್ರಿಯೆಯಲ್ಲಿ ತೂಕ ಎಲ್ಲಿಗೂ ಹೋಗುದಿಲ್ಲ

ಶಾಸ್ತ್ರೋತ್ಸವ, ಅಂದ್ರೆ ಶಾಲೆಗಳ ವಿಜ್ಞಾನ ಮೇಳ, ಬಂತು ಅಂದ್ರೆ ನಮ್ಮ ಕಾಸರಗೋಡಿನ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆ ಮಕ್ಕಳು ಮನೆಯಲ್ಲಿ ಹುಡುಕುದು ಎರಡು ವಸ್ತು, ವಿನೆಗರ್ ಮತ್ತೆ ಸೋಡಾಪುಡಿ (ಬೇಕಿಂಗ್ ಸೋಡಾ). ಬಾಟ್ಲಿಯಲ್ಲಿ ವಿನೆಗರ್, ಬಾಯಿಗೆ ಬಲೂನು, ಬಲೂನಿನ ಒಳಗೆ ಸೋಡಾಪುಡಿ. ಎತ್ತಿ ಸುರಿದ್ರೆ ಬುಸ್ ಅಂತ ನೊರೆ ಬಂದು ಬಲೂನು ಉಬ್ತದೆ, "ಮೊದಲಿನ ತೂಕ = ಆಮೇಲಿನ ತೂಕ" ಅಂತ ಚಾರ್ಟಿನಲ್ಲಿ ಬರೆದು ಅಂಟಿಸಿದ್ರೆ ಮುಗೀತು.

ಆದ್ರೆ ನಿಜವಾಗಿ ತೂಗಿ ನೋಡಿ, ಒಳ್ಳೆ ಡಿಜಿಟಲ್ ಮಿಶನ್ ಇದ್ರೆ ತೂಕ ಅಷ್ಟೇ ತೋರ್ಸುದಿಲ್ಲ. ಐದು ಗ್ರಾಮ್ ಸೋಡಾಪುಡಿ ಹಾಕಿದ್ರೆ ಹತ್ರ ಹತ್ರ ಒಂದೂವರೆ ಗ್ರಾಮ್ ಕಮ್ಮಿ ಬರ್ತದೆ. ಗ್ಯಾಸ್ ಲೀಕ್ ಆಯ್ತು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಒಂದು ಚೂರೂ ಲೀಕ್ ಆಗದಿದ್ರೂ ಕಮ್ಮಿಯೇ ಬರ್ತದೆ. ಉಬ್ಬಿದ ಬಲೂನು ಹೊರಗಿನ ಗಾಳಿಯನ್ನು ಒಂದೂವರೆ ಲೀಟರಿನಷ್ಟು ಆಚೆ ತಳ್ಳಿರ್ತದೆ, ನಮ್ಮ ಸೆಕೆಗೆ ಒಂದು ಲೀಟರ್ ಗಾಳಿಯ ತೂಕ ಸುಮಾರು 1.16 ಗ್ರಾಮ್, ಬಾವಿಯಿಂದ ಸೇದುವಾಗ ಕೊಡ ನೀರಿನ ಒಳಗೆ ಇರುವಷ್ಟು ಹೊತ್ತು ಹಗುರ ಅನ್ಸುದು ಹೇಗೋ ಹಾಗೆ ಗಾಳಿ ಆ ಬಲೂನನ್ನು ಅಷ್ಟು ತೂಕಕ್ಕೆ ಮೇಲೆ ಎತ್ತಿ ಹಿಡೀತದೆ. ಹಾಗಾಗಿ ಈ ಪ್ರಯೋಗಕ್ಕೆ ಬಲೂನು ಬೇಡ್ವೇ ಬೇಡ. ಉಬ್ಬದ ಪಾತ್ರೆ ಬೇಕು.

ಬೇಕಾದ್ದು ಇಷ್ಟು. ಕೋಲಾ ಅಥವಾ ಸೋಡಾ ಬಂದ ಒಂದೂಕಾಲು ಲೀಟರಿನ ಪ್ಲಾಸ್ಟಿಕ್ ಬಾಟ್ಲಿ, ಅದರದ್ದೇ ಮುಚ್ಚಳ. ಕುಡಿಯುವ ನೀರಿನ ತೆಳು ಬಾಟ್ಲಿ ಆಗುದಿಲ್ಲ, ಗಾಜಿನದ್ದು ಅಂತೂ ಮುಟ್ಟಲೇಬೇಡಿ, ಒಡೆದ್ರೆ ಕಣ್ಣಿಗೆ ಅಪಾಯ. 60 ಎಂಎಲ್ ವಿನೆಗರ್, 3 ಗ್ರಾಮ್ ಸೋಡಾಪುಡಿ, ಒಂದು ಟಿಶ್ಯೂ ಪೇಪರ್. ಅಡುಗೆಮನೆಯ ತೂಕದ ಮಿಶನ್ ಹೆಚ್ಚಾಗಿ ಒಂದು ಗ್ರಾಮ್ ಲೆಕ್ಕದಲ್ಲಿ ತೋರಿಸುದು, ಅದು ಸಾಕಾಗುದಿಲ್ಲ. 0.1 ಗ್ರಾಮ್ ತೋರಿಸುವ ಮಿಶನ್ ಇದ್ದವರ ಹತ್ರ ಕೇಳಿ ತನ್ನಿ, ಶಾಲೆಯ ಲ್ಯಾಬಿನಲ್ಲಿ ಇದ್ರೂ ಆಯ್ತು. ತೂಗುವ ಮೊದಲು ಬಾಟ್ಲಿ ಹೊರಗೆ ಚೆನ್ನಾಗಿ ಒರೆಸಿ, ಮಳೆಗಾಲದ ತೇವ ಕೂತಿದ್ರೆ ಲೆಕ್ಕ ತಪ್ತದೆ, ಫ್ಯಾನ್ ಸಹ ಆಫ್ ಮಾಡಿ.

ಮೊದಲು ವಿನೆಗರ್ ಬಾಟ್ಲಿಗೆ ಹಾಕಿ. ಸೋಡಾಪುಡಿಯನ್ನು ಟಿಶ್ಯೂವಿನಲ್ಲಿ ಬೀಡಿಯ ಹಾಗೆ ಸಪೂರ ಸುರುಳಿ ಮಾಡಿ ಎರಡು ತುದಿ ತಿರುಚಿ, ಬಾಟ್ಲಿಯ ಬಾಯಿಯಲ್ಲಿ ಸಲೀಸಾಗಿ ಇಳೀಬೇಕು. ಈಗ ಬಾಟ್ಲಿ, ಮುಚ್ಚಳ, ಪೊಟ್ಟಣ ಮೂರನ್ನೂ ಒಟ್ಟಿಗೆ ಮಿಶನ್ ಮೇಲೆ ಇಟ್ಟು ತೂಕ ಬರೆದುಕೊಳ್ಳಿ. ಆಮೇಲೆ ಪೊಟ್ಟಣ ಒಳಗೆ ಹಾಕಿ ಕೂಡಲೇ ಮುಚ್ಚಳ ಬಿಗಿ ಮಾಡಿ, ಟಿಶ್ಯೂ ನೆನೆಯಲಿಕ್ಕೆ ಒಂದೆರಡು ಸೆಕೆಂಡ್ ಬೇಕು, ಅಷ್ಟರಲ್ಲಿ ನಿಮ್ಮ ಕೈ ಮುಗೀಬೇಕು. ನೊರೆ ಎದ್ದು ಬಾಟ್ಲಿ ಕಲ್ಲಿನ ಹಾಗೆ ಗಟ್ಟಿ ಆಗ್ತದೆ, ಹೆದರಬೇಡಿ, ಇಷ್ಟು ಪುಡಿಯಿಂದ ಬರುವ ಒತ್ತಡ ಆ ಬಾಟ್ಲಿ ಸೋಡಾ ತುಂಬಿ ಬಂದಾಗ ತಡೆದುಕೊಂಡ ಒತ್ತಡಕ್ಕಿಂತ ಎಷ್ಟೋ ಕಮ್ಮಿ. ಆದ್ರೆ ಪುಡಿ ಜಾಸ್ತಿ ಹಾಕಿ ನೋಡುವ ಅಂತ ಹೊರಡಬೇಡಿ. ನೊರೆ ನಿಂತ ಮೇಲೆ ಪುನಃ ತೂಗಿ. ಅದೇ ತೂಕ!

ಅಲ್ಲಿಗೇ ನಿಲ್ಲಿಸಬೇಡಿ, ನಿಜವಾದ ಮಜಾ ಇನ್ನು ಬರುದು. ಮುಚ್ಚಳ ಮೆಲ್ಲ ಸಡಿಲ ಮಾಡಿ, ಮುಖ ದೂರ ಇಟ್ಟುಕೊಂಡು. ಸುಯ್ ಅಂತ ಗ್ಯಾಸ್ ಹೋಗ್ತದೆ. ಮುಚ್ಚಳ ಸಮೇತ ಮೂರನೇ ಸಲ ತೂಗಿ, ಒಂದು ಗ್ರಾಮಿಗಿಂತ ತುಸು ಜಾಸ್ತಿಯೇ ಇಳಿದಿರ್ತದೆ. ಗ್ಯಾಸಿಗೆ ತೂಕ ಉಂಟು ಅಂತ ಮಕ್ಕಳಿಗೆ ಹತ್ತು ಸಲ ಬಾಯಲ್ಲಿ ಹೇಳುದೂ ಒಂದೇ, ಆ ನಂಬರ್ ಇಳಿಯುದನ್ನು ಒಂದು ಸಲ ಕಣ್ಣಲ್ಲಿ ನೋಡುದೂ ಒಂದೇ.

ಪೇಪರಿನ ಮೇಲೆ ಲೆಕ್ಕ ಹೀಗೆ. 84 ಗ್ರಾಮ್ ಸೋಡಾಪುಡಿಗೆ ವಿನೆಗರಿನಲ್ಲಿ ಇರುವ ಅಸಿಟಿಕ್ ಆಸಿಡ್ 60 ಗ್ರಾಮ್ ಸೇರಿದ್ರೆ 82 ಗ್ರಾಮ್ ಸೋಡಿಯಂ ಅಸಿಟೇಟ್, 18 ಗ್ರಾಮ್ ನೀರು, 44 ಗ್ರಾಮ್ ಕಾರ್ಬನ್ ಡೈಆಕ್ಸೈಡ್. ಆಚೆಯೂ 144, ಈಚೆಯೂ 144. ಅಣುಗಳು ಬಿಡಿಸಿಕೊಂಡು ಬೇರೆ ಜೋಡಿ ಆಗ್ತವೆ, ಆದ್ರೆ ಪರಮಾಣು ಹೊಸತು ಹುಟ್ಟುದಿಲ್ಲ, ಇದ್ದದ್ದು ಸಾಯುದೂ ಇಲ್ಲ.

ಮುಚ್ಚಳ ತೆಗೆಯುವ ಮೊದಲು ತೂಗಬೇಕಾ ತೆಗೆದ ಮೇಲೆ ತೂಗಬೇಕಾ ಅನ್ನುದು ಸಣ್ಣ ವಿಷಯ ಅಂತ ಕಾಣ್ತದೆ, ಆದ್ರೆ ಕೆಮಿಸ್ಟ್ರಿಯ ಚರಿತ್ರೆಯೇ ಅಲ್ಲಿ ತಿರುಗಿತು. ಹದಿನೇಳನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ಅನ್ನುವ ವಿಜ್ಞಾನಿ ಮುಚ್ಚಿದ ಪಾತ್ರೆಯಲ್ಲಿ ಲೋಹ ಕಾಯಿಸಿ, ಬಾಯಿ ತೆರೆದ ಮೇಲೆ ತೂಗಿ, ತೂಕ ಏರಿದ್ದು ನೋಡಿ ಬೆಂಕಿಯಿಂದಲೇ ಏನೋ ಗಾಜು ದಾಟಿ ಒಳಗೆ ಬಂತು ಅಂದ. ಫ್ರಾನ್ಸಿನ ವಿಜ್ಞಾನಿ ಲವಾಸಿಯೇ 1774ರಲ್ಲಿ ತವರವನ್ನು ಹಾಗೆಯೇ ಕಾಯಿಸಿ, ತೆರೆಯದೆ ತೂಗಿದ, ತೂಕ ಬದಲಾಗಿರ್ಲಿಲ್ಲ, ತೆರೆದಾಗ ಗಾಳಿ ಒಳಗೆ ನುಗ್ಗಿತು, ಆಗ ತೂಕ ಏರಿತು. ಅಂದ್ರೆ ತವರ ಗಾಳಿಯ ಒಂದು ಪಾಲನ್ನು ಹೀರಿಕೊಂಡಿತ್ತು. ಅದು ಆಕ್ಸಿಜನ್ ಅಂತ ಆಮೇಲೆ ಗೊತ್ತಾಯ್ತು. ಕ್ರಿಯೆಯ ಮೊದಲೂ ಆಮೇಲೂ ಒಟ್ಟು ತೂಕ ಒಂದೇ ಅನ್ನುದನ್ನು 1789ರ ಪುಸ್ತಕದಲ್ಲಿ ಲವಾಸಿಯೇ ನಿಯಮವಾಗಿಯೇ ಬರೆದ. 1794ರಲ್ಲಿ ಫ್ರಾನ್ಸಿನ ಕ್ರಾಂತಿಯಲ್ಲಿ ಅವನ ತಲೆ ಕಡಿದ್ರು, ಎಂಥಾ ನಷ್ಟ ಅದು!

ಇನ್ನು ಶಕ್ತಿಯ ಕತೆ. ಮಾಡುವಾಗ ಬಾಟ್ಲಿಯ ಅಡಿ ಮುಟ್ಟಿ ನೋಡಿ, ತಣ್ಣಗೆ ಆಗಿರ್ತದೆ, ಥರ್ಮಾಮೀಟರ್ ಇದ್ರೆ ಮೂರು ನಾಲ್ಕು ಡಿಗ್ರಿ ಇಳಿಯುದು ಕಾಣ್ತದೆ. ಈ ಕ್ರಿಯೆ ಸುತ್ತಲಿನ ಬಿಸಿಯನ್ನು ಎಳ್ಕೊಳ್ತದೆ. ಅದಕ್ಕೆ ತಿರುಗಾ ಆದದ್ದು ಅಡಿಕೆ ತೋಟ ಇದ್ದವರಿಗೆಲ್ಲ ಗೊತ್ತುಂಟು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ, ಅಂದ್ರೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್, ಸುಟ್ಟ ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಕೊತಕೊತ ಕುದಿದು ಹಬೆ ಏಳ್ತದೆ. 56 ಗ್ರಾಮ್ ಸುಣ್ಣ, 18 ಗ್ರಾಮ್ ನೀರು, ಆಗುದು 74 ಗ್ರಾಮ್ ಅರಳಿದ ಸುಣ್ಣ. ಒಂದು ಕಿಲೋ ಸುಣ್ಣ ಬಿಡುವ ಬಿಸಿ ಮೂರು ಲೀಟರ್ ನೀರನ್ನು ಕುದಿಸ್ಲಿಕ್ಕೆ ಸಾಕು.

ಹಾಗಾದ್ರೆ ಆ ಬಿಸಿಗೆ ತೂಕ ಇಲ್ವಾ? ಉಂಟು. 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಅದನ್ನೇ, ಶಕ್ತಿ ಹೊರಗೆ ಹೋದ್ರೆ ಅದರ ಲೆಕ್ಕದ ದ್ರವ್ಯರಾಶಿಯೂ ಹೋಗ್ತದೆ. ಇ ಈಕ್ವಲ್ಸ್ ಎಂ ಸಿ ಸ್ಕ್ವೇರ್, ಅಂದ್ರೆ ಶಕ್ತಿ = ದ್ರವ್ಯರಾಶಿ × ಬೆಳಕಿನ ವೇಗದ ವರ್ಗ. ಆದ್ರೆ ಬೆಳಕಿನ ವೇಗದ ವರ್ಗ ಎಷ್ಟು ದೊಡ್ಡದು ಅಂದ್ರೆ ಒಂದು ಗ್ರಾಮ್ ಪೂರ್ತಿ ಶಕ್ತಿ ಆದ್ರೆ ಎರಡೂವರೆ ಕೋಟಿ ಯೂನಿಟ್ ಕರೆಂಟಿಗೆ ಸಮ. ಆ ಒಂದು ಕಿಲೋ ಸುಣ್ಣ ಬಿಸಿ ಬಿಟ್ಟು ಕಳಕೊಳ್ಳುದು ಒಂದು ಗ್ರಾಮಿನ ಹತ್ತು ಕೋಟಿ ಪಾಲಿನಲ್ಲಿ ಸುಮಾರು ಒಂದು ಪಾಲು. ಮನೆಯ 14.2 ಕಿಲೋ ಸಿಲಿಂಡರ್ ತಗೊಳ್ಳಿ, ಅದು ಪೂರ್ತಿ ಉರೀಲಿಕ್ಕೆ ಗಾಳಿಯಿಂದ ಸುಮಾರು 51 ಕಿಲೋ ಆಕ್ಸಿಜನ್ ತಗೊಂಡು 43 ಕಿಲೋ ಕಾರ್ಬನ್ ಡೈಆಕ್ಸೈಡ್, 22 ಕಿಲೋ ನೀರಿನ ಆವಿ ಕೊಡ್ತದೆ. ಅಷ್ಟು ದಿನ ಅಡುಗೆ ಬೇಯಿಸಿದ ಬಿಸಿಯಾಗಿ ಹೋದದ್ದು ಗ್ರಾಮಿನ ಹತ್ತು ಲಕ್ಷದಲ್ಲಿ ಏಳು ಪಾಲಿನ ಆಸುಪಾಸು. ಇದನ್ನು ಹಿಡಿಯುವ ತಕ್ಕಡಿ ಯಾವ ಲ್ಯಾಬಿನಲ್ಲಿ ಸಿಕ್ಕೀತು? ಅದಕ್ಕೇ ಕೆಮಿಸ್ಟ್ರಿ ಲೆಕ್ಕದಲ್ಲಿ ಲವಾಸಿಯೇ ಹೇಳಿದ್ದು ಇಂದಿಗೂ ಸಾಕು. ಕೈಗಾದಂಥ ಅಣುಸ್ಥಾವರದಲ್ಲಿ ಮಾತ್ರ ಕತೆ ಬೇರೆ, ಅಲ್ಲಿ ಒಡೆಯುವುದು ಪರಮಾಣುವಿನ ನ್ಯೂಕ್ಲಿಯಸ್ಸು, ಒಡೆದ ಯುರೇನಿಯಂನ ಸುಮಾರು ಸಾವಿರದಲ್ಲಿ ಒಂದು ಪಾಲು ಶಕ್ತಿಯಾಗಿ ಹೋಗ್ತದೆ.

ಚಾರ್ಟಿನಲ್ಲಿ ಮೂರು ತೂಕವನ್ನೂ ಬರೀರಿ, ಮೊದಲಿನದ್ದು, ಮುಚ್ಚಿದ್ದು, ತೆರೆದದ್ದು. ಪಕ್ಕದಲ್ಲಿ ಬಲೂನಿನದ್ದೂ ಒಂದು ಇಟ್ಟು ಅದು ಯಾಕೆ ಕಮ್ಮಿ ತೋರಿಸ್ತದೆ ಅಂತ ವಿವರಿಸಿದ್ರೆ ಇನ್ನೂ ಚಂದ. ಬಿಸಿ ತೋರಿಸ್ಲಿಕ್ಕೆ ಸುಣ್ಣ ಬಳಸುದಾದ್ರೆ ಒಂದು ಚಮಚದಷ್ಟೇ, ತೆರೆದ ಸ್ಟೀಲ್ ಪಾತ್ರೆಯಲ್ಲಿ, ಟೀಚರ್ ಹತ್ರ ಇರುವಾಗ, ಕನ್ನಡಕ ಹಾಕಿಕೊಂಡು. ಬಾಟ್ಲಿಗೆ ಹಾಕಿ ಮುಚ್ಚಳ ಹಾಕುವ ಕೆಲಸ ಸುಣ್ಣದಲ್ಲಿ ಯಾವತ್ತೂ ಮಾಡ್ಬೇಡಿ.