ಮಂಗಳವಾರದ ಪೆಟ್ಟಿಗೆ

ಮಿಷನ್‌ಗೆ ಬಂದ ನನ್ನಂಥ ಸಿಸ್ಟರುಗಳು ಊರವರ ಉಳಿತಾಯ ಗುಂಪಿಗೆ ಸೇರಬಾರದು ಅಂತ ನನಗೆ ಹೇಳದ ಹಿರಿಯರಿಲ್ಲ. ಸೇರಿದರೆ ದುಡ್ಡೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ ಅಂದರು. ನಮ್ಮ ಮನೆಯ, ಅಂದರೆ ಕಾನ್ವೆಂಟಿನ, ಲೆಕ್ಕ ನೋಡುವ ಸಿಸ್ಟರ್ ಅಂತೂ "ಬೇಕಿದ್ದರೆ ಅಷ್ಟನ್ನೂ ದಾನ ಅಂತ ಕೊಟ್ಟುಬಿಡಿ, ಈ ಸಾಲ-ಗೀಲದ ಸಹವಾಸ ಬೇಡ" ಅಂದುಬಿಟ್ಟರು. ನಾನು ಸೇರಿದೆ. ಈಗ ನಾಲ್ಕನೆಯ ಸುತ್ತು ನಡೆಯುತ್ತಿದೆ. ದುಡ್ಡು ಹೋಗಿಲ್ಲ. ಗೆಳತಿಯರು ಸಿಕ್ಕಿದ್ದಾರೆ. ಬಾಗಿಲಲ್ಲೇ ನಿಂತು ಮಾತಾಡಿ ಹೋಗುವವರಲ್ಲ, ಸೀದಾ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವವರು.

ನಾನಿರುವುದು ಟಾಂಜಾನಿಯಾದ ಮಾರಾ ಪ್ರಾಂತ್ಯದಲ್ಲಿ, ಮುಸೋಮ ಪಟ್ಟಣದಿಂದ ಸ್ವಲ್ಪ ಆಚೆ, ವಿಕ್ಟೋರಿಯಾ ಸರೋವರದ ದಡದ ಒಂದು ಹಳ್ಳಿಯಲ್ಲಿ. ಡಿಸ್ಪೆನ್ಸರಿಯಲ್ಲಿ ನರ್ಸ್ ಕೆಲಸ. ಭಾಷಾ ಶಾಲೆ, ಮಿಷನರಿಗಳಿಗೆ ಕೊಡುವ ಸಿ ದರ್ಜೆಯ ವಾಸದ ಪರ್ಮಿಟ್ಟು, ಮಲೇರಿಯಾ, ದಾಲಾದಾಲಾ ವ್ಯಾನಿನ ನೂಕುನುಗ್ಗಲು, ಇವೆಲ್ಲ ಮಿಷನ್ ಕೆಲಸದಲ್ಲಿರುವ ನಿಮಗೂ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ವಾರವಾರ ಜುಮುಯಿಯಾ ಪ್ರಾರ್ಥನೆಗೆ ಹೋದೆ. ಪೂರ್ವ ಆಫ್ರಿಕಾದ ಬಿಷಪರು 1976ರಲ್ಲಿ ಈ ನೆರೆಹೊರೆಯ ಸಣ್ಣ ಗುಂಪುಗಳಿಗೇ ಒತ್ತು ಕೊಡಬೇಕು ಅಂತ ತೀರ್ಮಾನಿಸಿದವರು. ನಮ್ಮ ಪ್ಯಾರಿಷ್‌ನಲ್ಲೂ ಅವು ಚೆನ್ನಾಗಿ ನಡೆಯುತ್ತವೆ. ಹತ್ತು ಹದಿನೈದು ಮನೆಯವರು ಒಬ್ಬರ ಅಂಗಳದಲ್ಲಿ ಸೇರಿ ಬೈಬಲ್ ಓದುತ್ತಾರೆ, ಹಾಡುತ್ತಾರೆ. ಆದರೆ ನಾನು ಕಾಲಿಟ್ಟ ತಕ್ಷಣ ಆ ಮನೆಯಲ್ಲಿದ್ದ ಒಂದೇ ಕುರ್ಚಿ ನನ್ನ ಹತ್ತಿರ ಬರುತ್ತಿತ್ತು. ಉಳಿದವರೆಲ್ಲ ಚಾಪೆಯ ಮೇಲೆ. ಕುರ್ಚಿಯಲ್ಲಿ ಕೂತವಳ ಹತ್ತಿರ ಯಾರು ಮನಸ್ಸು ಬಿಚ್ಚುತ್ತಾರೆ?

ಭಾನುವಾರ ಕಾನ್ವೆಂಟಿಗೆ ಚಹಾಕ್ಕೆ ಕರೆದು ನೋಡಿದೆ. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದರು, ಸೋಫಾದ ಅಂಚಿನಲ್ಲಿ ಕೂತರು, ಅರ್ಧ ಗಂಟೆಗೆ ಎದ್ದರು. ಸಂಜೆ ಇಂಗ್ಲಿಷ್ ಕ್ಲಾಸ್ ಇಟ್ಟೆ. ಮಕ್ಕಳು ಬಂದರು, ತಾಯಂದಿರು ಬರಲಿಲ್ಲ.

ಎಲ್ಲಕ್ಕಿಂತ ಕೆಟ್ಟದಾಗಿ ಕೈಕೊಟ್ಟದ್ದು ಕೈಗಡ. ಇಲ್ಲಿ 2016ರಿಂದ ಸರ್ಕಾರಿ ಶಾಲೆಯಲ್ಲಿ ಹೈಸ್ಕೂಲಿನ ನಾಲ್ಕನೆಯ ವರ್ಷ, ಅಂದರೆ ಫಾರ್ಮ್ ಫೋರ್‌ವರೆಗೆ ಫೀಸಿಲ್ಲ. ಆದರೂ ಯೂನಿಫಾರ್ಮು, ಶೂ, ನೋಟ್‌ಬುಕ್ಕಿನ ಖರ್ಚು ತಾಯಿಯ ತಲೆಮೇಲೇ. ಜನವರಿಯಲ್ಲಿ ಶಾಲೆ ಶುರುವಾಗುವಾಗ ನಮ್ಮ ಗೇಟಿನ ಮುಂದೆ ಸಾಲು ನಿಲ್ಲುತ್ತಿತ್ತು. ಒಂದೇ ವರ್ಷದಲ್ಲಿ ಮೂರು ಲಕ್ಷ ಶಿಲ್ಲಿಂಗ್‌ಗೂ ಜಾಸ್ತಿ ಹೋಯಿತು, ಅಂದರೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ತಿರುಗಿ ಬಂದದ್ದು ಒಂದು ನಲವತ್ತು ಸಾವಿರ ಶಿಲ್ಲಿಂಗ್ ಇರಬಹುದು. ದುಡ್ಡು ಹೋದರೆ ಹೋಗಲಿ. ಕೈಗಡ ತೆಗೆದುಕೊಂಡವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ಮಗುವಿಗೆ ಜ್ವರ ಬಂದರೂ ನಮ್ಮ ಡಿಸ್ಪೆನ್ಸರಿಗೆ ಬರದೆ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು ಸುಮ್ಮನಾದರು. ಅದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಕಿಕೋಬ ಅನ್ನುವ ಉಳಿತಾಯ ಗುಂಪು. ದಗಾ ಅನ್ನುವ ಸಣ್ಣ ಮೀನು ಒಣಗಿಸುವ ಹೆಂಗಸರ ಗುಂಪು, ಸುಮಾರು ಇಪ್ಪತ್ತೈದು ಜನ. ಈ ಬಗೆಯ ಗುಂಪು 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನುವ ನೆರವು ಸಂಸ್ಥೆಯವರು ಶುರುಮಾಡಿದ್ದು. ಈಗ ಆಫ್ರಿಕಾದ ಎಷ್ಟೋ ಕಡೆ ಇದೆ. ವಾರಕ್ಕೊಮ್ಮೆ ಸೇರುವುದು, ಒಬ್ಬೊಬ್ಬರು ಒಂದರಿಂದ ಐದು ಹಿಸಾ, ಅಂದರೆ ಪಾಲು, ಕೊಳ್ಳುವುದು. ನಮ್ಮಲ್ಲಿ ಒಂದು ಹಿಸಾಕ್ಕೆ 2,000 ಶಿಲ್ಲಿಂಗ್. ಜೊತೆಗೆ ಕಷ್ಟಕಾಲದ ನಿಧಿಗೆ 500. ದುಡ್ಡು ಮೂರು ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ. ಮೂರು ಕೀಲಿ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಬೇಕಾದವರಿಗೆ ಸಾಲ, ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೆ. ಚೀಟಿ ವ್ಯವಹಾರ ಬಲ್ಲವರಿಗೆ ಇದು ಕಷ್ಟವಲ್ಲ.

ಸೇರುತ್ತೇನೆ ಅಂದಾಗ ಅವರೂ ಒಪ್ಪಲಿಲ್ಲ. ಒಂದು ವಾರ ಸುಮ್ನೆ ಮರದ ಕೆಳಗೆ ಕೂರಿಸಿದರು. ಇನ್ನೊಂದು ವಾರ ಮಾತನ್ನೇ ಎತ್ತಲಿಲ್ಲ. ಕೊನೆಗೆ ಗುಂಪಿನ ಅಧ್ಯಕ್ಷೆ, ಎಲ್ಲರೂ ಬೀಬಿ ಅಂತ ಕರೆಯುವ ಅಜ್ಜಿ, ನೇರವಾಗಿ ಕೇಳಿದರು: "ಸಿಸ್ತಾ, ತಡವಾಗಿ ಬಂದರೆ ನಿನಗೂ ದಂಡ ಹಾಕಬಹುದಾ?" ಹಾಕಿ ಬೀಬಿ ಅಂದೆ. "ಸಾಲ ತೆಗೆದುಕೊಳ್ಳುತ್ತೀಯಾ?" ನನಗೇಕೆ ಸಾಲ ಅಂದೆ. ಬೀಬಿ ತಲೆಯಾಡಿಸಿದರು. "ಹಾಗಾದರೆ ಬೇಡ ಮಗಳೇ. ಇಲ್ಲಿ ಹಾಕಿ ತೆಗೆಯದವಳು ನಮಗೆ ಸಾಲ ಕೊಡುವವಳಾಗುತ್ತಾಳೆ. ಅಂಥವರು ನಮಗೆ ಬೇಡ."

ನನ್ನ ಇಡೀ ವಿಧಾನ ಇರುವುದು ಈ ಮಾತಿನಲ್ಲೇ. ಸಾಲ ತೆಗೆದುಕೊಳ್ಳುತ್ತೇನೆ ಅಂತ ಒಪ್ಪಿ ಸೇರಿದೆ. ಐದು ಹಿಸಾ ಕೊಳ್ಳುವಷ್ಟು ಕೈಯಲ್ಲಿದ್ದರೂ ಎರಡಕ್ಕಿಂತ ಜಾಸ್ತಿ ಯಾವತ್ತೂ ಕೊಂಡಿಲ್ಲ, ಅಲ್ಲಿ ಹೆಚ್ಚಿನವರು ಕೊಳ್ಳುವುದು ಎರಡೇ. ಇದರಲ್ಲಿ ಸಡಿಲ ಬಿಟ್ಟರೆ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ. ಪಕ್ಕದ ಪ್ಯಾರಿಷ್‌ನಲ್ಲಿ ಒಬ್ಬರು ನನ್ನನ್ನು ನೋಡಿ ಶುರುಮಾಡಿ, ಪ್ರತಿ ವಾರ ಐದೈದು ಕೊಂಡರು. ಆರು ತಿಂಗಳಿಗೆ ಗುಂಪಿನವರೆಲ್ಲ ಅವರ ಮುಖ ನೋಡಿಕೊಂಡೇ ಮಾತಾಡುವ ಹಾಗಾಯಿತು.

ಸಭೆ ಮಂಗಳವಾರ, ಬೆಳಿಗ್ಗೆ ಆರರಿಂದ ಎಣಿಸುವ ಸ್ವಾಹಿಲಿ ಗಡಿಯಾರದಲ್ಲಿ ಹತ್ತು ಗಂಟೆಗೆ, ಅಂದರೆ ಸಂಜೆ ನಾಲ್ಕಕ್ಕೆ. ಮಂಗಳವಾರವೇ ಯಾಕೆ ಅಂದರೆ ಗುಂಪಿನಲ್ಲಿ ಅಡ್ವೆಂಟಿಸ್ಟ್ ಪಂಗಡದ ಕ್ರೈಸ್ತರು ಇದ್ದಾರೆ, ಅವರಿಗೆ ಶನಿವಾರ ಆಗದು. ಮುಸ್ಲಿಮರಿಗೆ ಶುಕ್ರವಾರ ಆಗದು. ನಮಗೆ ಭಾನುವಾರ ಆಗದು. ಜುಮುಯಿಯಾದಲ್ಲಿ ನಾನು ಎಂದೂ ನೋಡದ ಮುಖಗಳು ಅಲ್ಲಿ ನನ್ನ ಎಡಕ್ಕೂ ಬಲಕ್ಕೂ ಕೂತಿರುತ್ತವೆ. ತಡವಾದರೆ 500 ದಂಡ, ಫೋನ್ ರಿಂಗಾದರೆ ಸಾವಿರ. ಹೆರಿಗೆ ಕೇಸಿನಿಂದ ತಡವಾಗಿ ಓಡಿಬಂದು ನಾನು ಮೊದಲ ದಂಡ ಕಟ್ಟಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನನಗೆ ಯಾರೂ ಕುರ್ಚಿ ತರಲಿಲ್ಲ.

ಸಾಲದ ವಿಷಯಕ್ಕೆ ಬರುತ್ತೇನೆ. ಉಳಿತಾಯದ ಮೂರು ಪಟ್ಟಿನವರೆಗೆ ಕೊಡುತ್ತಾರೆ, ಮೂರು ತಿಂಗಳಲ್ಲಿ ತೀರಿಸಬೇಕು, ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ಬಡ್ಡಿ ಜಾಸ್ತಿ ಅನಿಸುತ್ತದೆ ಅಲ್ವಾ? ಆದರೆ ಆ ಬಡ್ಡಿ ವರ್ಷದ ಕೊನೆಗೆ ಕಟ್ಟಿದವರಿಗೇ ಹಂಚಿಕೆಯಾಗುತ್ತದೆ. ನಾನು ಸುಮಾರು 60,000 ತೆಗೆದುಕೊಂಡೆ. ಇಬ್ಬರು ಮಾಮಾಗಳ (ಇಲ್ಲಿ ತಾಯಂದಿರನ್ನು ಕರೆಯುವುದು ಹಾಗೆ) ಜೊತೆ ಸೇರಿ ದಗಾ ಒಣಗಿಸುವ ಅಟ್ಟಣಿಗೆ ಹಾಕಿದೆ. ದಗಾ ಅಂದರೆ ಬೆರಳುದ್ದದ ಬೆಳ್ಳಿಬಣ್ಣದ ಮೀನು. ಅದನ್ನು ಮರಳಿನ ಮೇಲೆ ಹರಡಿದರೆ ಕಲ್ಲು, ಕಸ ಸೇರುತ್ತದೆ, ಕೋಳಿ ಆಹಾರದ ವ್ಯಾಪಾರಿಗಳು ಅಗ್ಗಕ್ಕೆ ಒಯ್ಯುತ್ತಾರೆ. ಸೊಂಟದೆತ್ತರಕ್ಕೆ ಕಂಬ ನೆಟ್ಟು, ಹಳೆಯ ಬಲೆ ಬಿಗಿದು, ಅದರ ಮೇಲೆ ಒಣಗಿಸಿದರೆ ಮೀನು ಶುಭ್ರವಾಗಿರುತ್ತದೆ, ಊಟಕ್ಕೆ ಕೊಳ್ಳುವವರು ಬರುತ್ತಾರೆ, ದರ ಚೆನ್ನಾಗಿ ಸಿಗುತ್ತದೆ.

ಮೊದಲ ಕಂತು ಪೂರ್ತಿ ನೀರುಪಾಲು. ಏಪ್ರಿಲ್ ಮಳೆ, ಎರಡು ದಿನ ಬಿಸಿಲೇ ಇಲ್ಲ. ನಾಲ್ಕೈದು ಬಕೆಟ್ ಮೀನು ಕೊಳೆತು ನಾರಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ತಿಂಗಳ ಕೈಖರ್ಚಿನಿಂದಲೇ ಕಟ್ಟಿದೆ. ಆ ಇಬ್ಬರು ತಮ್ಮ ಪಾಲನ್ನು ಟೊಮೆಟೊ ಮಾರಿ ಕಟ್ಟಿದರು. ಕಂತಿನ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು ಏನು ಅಂತ ನಾನು ಅವರ ಜೊತೆಗೇ ತಿಳಿದುಕೊಂಡೆ. ಜೂನ್ ಬಿಸಿಲಿನಲ್ಲಿ ಎರಡನೆಯ ಸಲ ಹಾಕಿದ್ದು ಕೈಹಿಡಿಯಿತು. ಸಾಲ ತೀರಿತು, ಅಟ್ಟಣಿಗೆ ಉಳಿಯಿತು. ಈಗ ದಡದಲ್ಲಿ ಅಂಥವು ಏಳೆಂಟಿವೆ, ಮೊದಲನೆಯದು ನಮ್ಮದು. ಬಲೆಯ ಮೇಲೆ ಮೀನು ಎಷ್ಟು ದಪ್ಪ ಹರಡಬೇಕು, ಯಾವಾಗ ಮಗುಚಬೇಕು ಅನ್ನುವುದು ನಮ್ಮ ಮೂವರ ಗುಟ್ಟು. ಅವರ ಹೊಟ್ಟೆಪಾಡಿನ ಪ್ರಶ್ನೆ, ಬರೆಯಲಾರೆ.

ಇದರಿಂದ ಇನ್ನೊಂದು ಪಾಠ ಸಿಕ್ಕಿತು. ದಗಾವನ್ನು ಕತ್ತಲ ರಾತ್ರಿಯಲ್ಲಿ ದೀಪ ಹಚ್ಚಿ ಹಿಡಿಯುತ್ತಾರೆ. ದೀಪದ ಬೆಳಕಿಗೆ ಮೀನು ಮುತ್ತುತ್ತದೆ. ಹುಣ್ಣಿಮೆಯ ಆಸುಪಾಸು ದೀಪಕ್ಕೆ ಬೆಲೆಯಿಲ್ಲ, ದೋಣಿಗಳು ದಡದಲ್ಲೇ. ಆ ವಾರ ಹೆಂಗಸರ ಕೈಯಲ್ಲಿ ಕಾಸಿಲ್ಲ, ಎಲ್ಲರೂ ಒಂದೊಂದೇ ಹಿಸಾ. ಅದನ್ನು ನೋಡಿದ ಮೇಲೆ ಡಿಸ್ಪೆನ್ಸರಿಯ ಬಾಕಿಯನ್ನು ಬೆಳದಿಂಗಳ ವಾರದಲ್ಲಿ ಕೇಳುವುದನ್ನೇ ನಿಲ್ಲಿಸಿದೆ. ಅಮಾವಾಸ್ಯೆ ಕಳೆದು ಕೇಳಿದರೆ ತಾವಾಗಿಯೇ ತಂದುಕೊಡುತ್ತಾರೆ. ಕೈಗಡ ತೆಗೆದುಕೊಂಡು ದೂರವಾದವರೂ ತಿರುಗಿ ಬಂದರು.

ಎರಡನೆಯ ವರ್ಷ ಮಲೇರಿಯಾ ನನ್ನನ್ನು ಮಲಗಿಸಿತು. ಮೂರನೆಯ ದಿನ ಬೀಬಿ, ಕೀಲಿಯ ಮಾಮಾ, ಮತ್ತಿಬ್ಬರು ಬಂದರು. ಕಷ್ಟಕಾಲದ ನಿಧಿಯಿಂದ 20,000 ಶಿಲ್ಲಿಂಗ್ ತಂದಿದ್ದರು. ಬೇಡ ಬೀಬಿ, ನಮಗೆ ಔಷಧಿ ಇದೆ ಅಂದೆ. "ನೀನು ಪ್ರತಿ ವಾರ 500 ಹಾಕಿಲ್ಲವಾ? ನಿಯಮ ಅಂದರೆ ನಿಯಮ" ಅಂತ ದಿಂಬಿನ ಕೆಳಗೆ ಇಟ್ಟರು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಒಬ್ಬಳು ನನ್ನ ಬಟ್ಟೆ ಒಗೆದಳು. ಇನ್ನೊಬ್ಬಳು ಉಲೇಜಿಯ ಗಂಜಿ ಕಾಯಿಸಿದಳು. ಉಲೇಜಿ ನಮ್ಮ ರಾಗಿಯೇ, ಸ್ವಲ್ಪ ಹುಳಿ ಹಿಂಡುತ್ತಾರೆ. ಅಡ್ವೆಂಟಿಸ್ಟ್ ಮಾಮಾ ಜೋರಾಗಿ ಪ್ರಾರ್ಥಿಸಿದಳು. ಪಕ್ಕದಲ್ಲಿ ಮುಸ್ಲಿಂ ಮಾಮಾ ಅಂಗೈ ಚಾಚಿ ಕೂತಿದ್ದಳು. ನಾನು ಕಣ್ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿದೆ. ಈ ದೇಶಕ್ಕೆ ಬಂದದ್ದು ಸಾರ್ಥಕ ಅನಿಸಿದ ದಿನ ಅದು.

ನಡುವೆ ಪೆಟ್ಟಿಗೆ ಬಿಟ್ಟು ದುಡ್ಡನ್ನೆಲ್ಲ ಫೋನಿನಲ್ಲೇ ಇಡೋಣ ಅಂತ ನಾನೇ ಹೇಳಿ ನೋಡಿದೆ. ಅಷ್ಟರಲ್ಲಿ 2021ರಲ್ಲಿ ಸರ್ಕಾರ ಮೊಬೈಲ್ ಹಣದ ಮೇಲೆ ಹೊಸ ತೆರಿಗೆ ಹಾಕಿತು. ಆಮೇಲೆ ಇಳಿಸಿದರೂ ಹೆಂಗಸರ ನಂಬಿಕೆ ಹೋಗಿತ್ತು. ನಾಣ್ಯ ಎಣಿಸುವಾಗ ಹರಟೆ ಹುಟ್ಟುತ್ತದೆ, ಫೋನಿನಲ್ಲಿ ಅದಿಲ್ಲ. ಪೆಟ್ಟಿಗೆಯೇ ಸರಿ.

ಒಂದು ವರ್ಷ ಎಲ್ಲರೂ ಒಂದೇ ಬಣ್ಣದ ಕಿತೆಂಗೆ (ಇಲ್ಲಿನ ಅಚ್ಚಿನ ಹತ್ತಿ ಬಟ್ಟೆ) ಹೊಲಿಸಿಕೊಂಡು, ದೇಶದ ಮೊದಲ ಅಧ್ಯಕ್ಷ ನ್ಯೆರೆರೆ ಅವರ ನೆನಪಿನ ಅಕ್ಟೋಬರ್ 14ರ ನ್ಯೆರೆರೆ ದಿನಕ್ಕೆ ಅವರ ಹುಟ್ಟೂರು ಬುಟಿಯಾಮಕ್ಕೆ ಹೋದೆವು. ಅವರ ಸಮಾಧಿ ಅಲ್ಲೇ ಇದೆ. ನನಗೂ ಅದೇ ಬಟ್ಟೆ. ಅದಕ್ಕೆ ಪ್ರೊವಿನ್ಷಿಯಲ್, ಅಂದರೆ ನಮ್ಮ ಸಿಸ್ಟರುಗಳ ಮೇಲಧಿಕಾರಿಯ, ಅನುಮತಿ ಹೇಗೆ ಸಿಕ್ಕಿತು ಅನ್ನುವುದನ್ನು ಎದುರು ಸಿಕ್ಕಾಗ ಹೇಳುತ್ತೇನೆ.

ಶುರುಮಾಡುವವರಿಗೆ ಎರಡು ಮಾತು. ಗುಂಪು 2018ರ ಮೈಕ್ರೊಫೈನಾನ್ಸ್ ಕಾಯ್ದೆಯ ಪ್ರಕಾರ ನೋಂದಣಿ ಆಗಿದೆಯಾ ನೋಡಿ. ನಿಮ್ಮ ಮನೆಯ ಲೆಕ್ಕಪುಸ್ತಕದಲ್ಲಿ ಮೊದಲ ದಿನದಿಂದಲೇ ಇದಕ್ಕೊಂದು ಪುಟ ಇಡಿ. ನಮಗೆ ಬಂದದ್ದೆಲ್ಲ ಮನೆಯದ್ದು, ಅಲ್ವಾ? ಕಳೆದ ಸುತ್ತಿನಲ್ಲಿ ನಾನು ಕಟ್ಟಿದ್ದು 1,90,000ದ ಆಸುಪಾಸು, ಹಂಚಿಕೆಯಲ್ಲಿ ಬಂದದ್ದು 2,30,000ದ ಹತ್ತಿರ. ಅಷ್ಟನ್ನೂ ಲೆಕ್ಕದ ಸಿಸ್ಟರ್ ಕೈಗೇ ಕೊಟ್ಟೆ. ಈಗ ಅವರೇ ಸೋಮವಾರ ರಾತ್ರಿ ಚಿಲ್ಲರೆ ಎಣಿಸಿ ನನ್ನ ಮೇಜಿನ ಮೇಲೆ ಇಡುತ್ತಾರೆ. ಸುತ್ತಿನ ನಡುವೆ ವರ್ಗಾವಣೆ ಮಾಡಬೇಡಿ ಅಂತ ಮೇಲಿನವರಿಗೆ ಮೊದಲೇ ಕಾಗದ ಬರೆಯಿರಿ. ಸೇರುವುದಾದರೆ ಹಂಚಿಕೆ ಮುಗಿದು ಪೆಟ್ಟಿಗೆ ಬರಿದಾದ ವಾರವೇ ಸೇರಿ. ಆಗ ಎಲ್ಲರ ಪುಸ್ತಕವೂ ಸೊನ್ನೆಯಿಂದ ಶುರುವಾಗುತ್ತದೆ, ನಿಮ್ಮದೂ.