ಟಿಪ್ಪರ್ ಎಲ್ಲಿವರೆಗೆ ಬರುತ್ತೆ? ಕೊಡಗಿನಲ್ಲಿ ಎಸ್ಟಿಮೇಟ್ ಹಾಕಿದ ನನ್ನ ಅನುಭವ

ಮಡಿಕೇರಿ ಸುತ್ತಮುತ್ತ ಮನೆ, ಹೋಮ್‌ಸ್ಟೇ ಕಟ್ಟಿಸುವ ಕಾಂಟ್ರಾಕ್ಟರ್ ನಾನು. ಒಂದು ಪ್ಲಾನ್ ತಯಾರಾಯಿತು ಅಂದರೆ ಐದಾರು ಜನ ಕೊಟೇಶನ್ ಕೊಡುತ್ತಾರೆ. ಕುಶಾಲನಗರದವರು, ಮೈಸೂರಿನವರೂ ಬರುತ್ತಾರೆ. ಮೊದಲೆಲ್ಲ ನನ್ನ ಕೊಟೇಶನ್ ಅಂದರೆ ನೋಟ್‌ಬುಕ್ಕಿನ ಒಂದು ಹಾಳೆ. ಚದರಡಿಗೆ ಇಷ್ಟು ಅಂತ ಗುಣಿಸಿ ಬರೆದುಕೊಡುತ್ತಿದ್ದೆ.

ಹಾಗೆ ಹಿಡಿದ ಒಂದು ಕೆಲಸ ಗಾಳಿಬೀಡು ಕಡೆಯದು. ಟಿಪ್ಪರ್ ಮೇಲಿನ ರೋಡಿನಲ್ಲೇ ನಿಂತಿತು. ಸೈಟ್ ಇದ್ದದ್ದು ಇನ್ನೂರು ಮೀಟರ್ ಕೆಳಗೆ, ಕಾಫಿ ತೋಟದ ನಡುವೆ. ಎಂ ಸ್ಯಾಂಡ್, ಜಲ್ಲಿ, ಬ್ಲಾಕ್ ಎಲ್ಲವನ್ನೂ ರೋಡಿನಲ್ಲಿ ಇಳಿಸಿ, ಮತ್ತೆ ಪಿಕಪ್‌ಗೆ ತುಂಬಿಸಿ ಕೆಳಗೆ ಕಳಿಸಬೇಕಾಯಿತು. ಆರು ತಿಂಗಳು ದುಡಿದೆ. ಆ ಶಿಫ್ಟಿಂಗ್ ಕೂಲಿಯಲ್ಲೇ ಲಾಭವೆಲ್ಲ ಹೋಯಿತು.

ಆಮೇಲೆ ಎಸ್ಟಿಮೇಟ್ ಸಾಫ್ಟ್‌ವೇರ್ ತಗೊಂಡೆ. ಪಿಡಿಎಫ್ ಪ್ಲಾನ್ ಮೇಲೆ ಮೌಸ್ ಎಳೆದರೆ ಗೋಡೆಯ ಉದ್ದ, ಸ್ಲ್ಯಾಬಿನ ವಿಸ್ತೀರ್ಣ ತಾನೇ ಬರುತ್ತದೆ. ಇಡೀ ದಿನದ ಲೆಕ್ಕ ಎರಡು ಗಂಟೆಯಲ್ಲಿ ಮುಗಿಯಿತು. ಆದರೆ ಮೊದಲ ಸಲವೇ ಎಡವಿದೆ. ಪ್ಲಾನಿನಲ್ಲಿ ಸ್ಕೇಲ್ 1:100 ಅಂತ ಬರೆದಿತ್ತು, ನಾನೂ ಅದನ್ನೇ ಹಾಕಿದೆ. ಆ ಪಿಡಿಎಫ್ ಮಾತ್ರ ಎ1 ಹಾಳೆಯನ್ನು ಎ3ಗೆ ಕುಗ್ಗಿಸಿದ್ದು. ಉದ್ದಗಳೆಲ್ಲ ಅರ್ಧ ಬಂದವು, ವಿಸ್ತೀರ್ಣ ಕಾಲು ಭಾಗ. ಸ್ಲ್ಯಾಬಿಗೆ ಇಷ್ಟೇನಾ ಸಿಮೆಂಟ್ ಅಂತ ಅನುಮಾನ ಬಂದಿದ್ದಕ್ಕೆ ಉಳಿದೆ. ಎಂ20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟ್, ಮರಳು, ಜಲ್ಲಿಯನ್ನು 1:1.5:3 ಲೆಕ್ಕದಲ್ಲಿ ಕಲಸಿದರೆ ಒಂದು ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು. ಆ ಅಂದಾಜು ತಲೆಯಲ್ಲಿ ಇದ್ದಿದ್ದೇ ಒಳ್ಳೆಯದಾಯಿತು. ಈಗ ಯಾವ ಪ್ಲಾನ್ ಬಂದರೂ ಅದರಲ್ಲಿ ಅಳತೆ ಬರೆದಿರುವ ಒಂದು ಗೋಡೆಯನ್ನು ಮೊದಲು ಅಳೆದು, ಸ್ಕೇಲ್ ಸರಿಮಾಡಿಕೊಂಡೇ ಮುಂದೆ ಹೋಗುತ್ತೇನೆ. ಕಬ್ಬಿಣವನ್ನೂ ಒಂದು ಸಲ ಕೈಯಲ್ಲೇ ನೋಡುತ್ತೇನೆ. ಕಂಬಿಯ ದಪ್ಪದ ಎಂಎಂ ಅಳತೆಯನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. 12 ಎಂಎಂ ಕಂಬಿಗೆ 0.89 ಕೆಜಿ.

ಅಳತೆ ಸರಿಯಾಯಿತು, ರೇಟಿನ ಕಥೆಯೇ ಬೇರೆ. ಸಾಫ್ಟ್‌ವೇರ್ ಜೊತೆ ಬಂದ ರೇಟ್ ಪಟ್ಟಿ ಬಯಲು ಸೀಮೆಯ ಸೈಟಿಗೆ ಹೊಂದುವಂಥದ್ದು. ಲಾರಿ ಸೀದಾ ಪಾಯದ ಹತ್ತಿರ ಬರುತ್ತೆ, ಆಳು ವರ್ಷವಿಡೀ ಸಿಗುತ್ತಾರೆ ಅನ್ನುವ ಲೆಕ್ಕ ಅದು. ನಮ್ಮಲ್ಲಿ ಹಾಗಿಲ್ಲ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಆಳುಗಳು ತೋಟಕ್ಕೆ ಹೋಗುತ್ತಾರೆ. ಕುಶಾಲನಗರದ ಸೈಟಿಗೂ ಭಾಗಮಂಡಲದ ಸೈಟಿಗೂ ಒಂದೇ ರೇಟ್ ಹಾಕಿದರೆ ಒಂದು ಕಡೆ ಕೆಲಸ ಸಿಗಲ್ಲ, ಇನ್ನೊಂದು ಕಡೆ ದುಡ್ಡು ಸಿಗಲ್ಲ.

ಹಾಗಾಗಿ ಆ ಪಟ್ಟಿಯನ್ನು ಪೂರ್ತಿ ಅಳಿಸಿದೆ. ನನ್ನ ಹಳೆಯ ಬಿಲ್ಲುಗಳನ್ನೂ ಮೇಸ್ತ್ರಿಯ ಹಾಜರಿ ಪುಸ್ತಕವನ್ನೂ ಮುಂದಿಟ್ಟುಕೊಂಡು, ನಮ್ಮ ಆಳುಗಳು ದಿನಕ್ಕೆ ಎಷ್ಟು ಬ್ಲಾಕ್ ಕಟ್ಟಿದ್ದಾರೆ, ಎಷ್ಟು ಪ್ಲಾಸ್ಟರ್ ಮಾಡಿದ್ದಾರೆ ಅಂತ ಒಂದೊಂದೇ ತುಂಬಿಸಿದೆ. ಎರಡು ತಿಂಗಳು ರಾತ್ರಿ ಕೂತು ಮಾಡಿದ ಕೆಲಸ. ನನ್ನ ಮಟ್ಟಿಗೆ ಸಾಫ್ಟ್‌ವೇರಿಗೆ ಬೆಲೆ ಬಂದಿದ್ದೇ ಆಗ. ಶಿಫ್ಟಿಂಗ್‌ಗೆ ಒಂದು ಬೇರೆ ಸಾಲು ಮಾಡಿದೆ. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಲೋಡ್ ಜಾಸ್ತಿ ಆಗುತ್ತದೆ. ಅದಕ್ಕೂ ಒಂದು ಸಾಲು. ಒದ್ದೆ ಮರಳೂ ಹಾಗೆಯೇ. ಮಳೆಗಾಲದಲ್ಲಿ ಅದೇ ಅಳತೆಯ ಲೋಡಿನಲ್ಲಿ ಮರಳು ಕಡಿಮೆ ಇರುತ್ತದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೂ ಚದರಡಿ ರೇಟಿನಲ್ಲಿ ತಡೆಗೋಡೆ ಸೇರಿದೆಯೋ ಇಲ್ವೋ ಅಂತ ಕೇಳುವ ಮಾಲೀಕರು ಕಡಿಮೆ. ನನ್ನ ಕೊಟೇಶನ್ನಿನಲ್ಲಿ ತಡೆಗೋಡೆ, ಅದರಲ್ಲಿ ನೀರು ಹೋಗಲು ಬಿಡುವ ಪೈಪು, ಹಿಂದೆ ತುಂಬುವ ಕಲ್ಲು, ಮೇಲಿನ ಚರಂಡಿ ಎಲ್ಲ ಬೇರೆ ಬೇರೆಯಾಗಿಯೇ ಬರುತ್ತವೆ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅನ್ನುವುದನ್ನೂ ಬರೆಯುತ್ತೇನೆ. ಮೊತ್ತ ನೋಡಿದರೆ ನನ್ನದೇ ಜಾಸ್ತಿ ಕಾಣುತ್ತದೆ. ಅದರಿಂದ ಕೆಲಸ ಕಳೆದುಕೊಂಡಿದ್ದೂ ಇದೆ, ಬೇಜಾರೂ ಆಗಿದೆ. ಆದರೆ ನಾಪೋಕ್ಲು ಹತ್ತಿರದ ಮಾಲೀಕರೊಬ್ಬರು ನನ್ನ ಪಟ್ಟಿ ಹಿಡಿದುಕೊಂಡೇ ಉಳಿದವರನ್ನು ವಿಚಾರಿಸಿದರು. ತಡೆಗೋಡೆ ಅವರ ರೇಟಿನಲ್ಲಿ ಇರಲೇ ಇಲ್ಲ. ಆ ಕೆಲಸ ನನಗೇ ಬಂತು.

ಇನ್ನೊಂದು ವಿಷಯ ಹೇಳಲೇಬೇಕು. ಖರ್ಚಿನ ಮೇಲೆ 15 ಪರ್ಸೆಂಟ್ ಹಾಕಿದರೆ 15 ಪರ್ಸೆಂಟ್ ಲಾಭ ಅಂತ ವರ್ಷಗಟ್ಟಲೆ ನಂಬಿದ್ದೆ. ಒಂದು ಲಕ್ಷ ಖರ್ಚಿಗೆ 1,15,000 ಬಿಡ್ ಮಾಡಿದರೆ ಬಿಡ್ಡಿನಲ್ಲಿ ಲಾಭ 13 ಪರ್ಸೆಂಟ್ ಮಾತ್ರ. ನಿಜವಾಗಿ 15 ಬೇಕಿದ್ದರೆ ಖರ್ಚನ್ನು 0.85ರಿಂದ ಭಾಗಿಸಬೇಕು, ಅಂದರೆ ಸುಮಾರು 1,17,650. ಸಾಫ್ಟ್‌ವೇರಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇದೆ. ಯಾವುದರಲ್ಲಿ ತುಂಬುತ್ತಿದ್ದೀರಿ ಅಂತ ನೋಡಿಕೊಳ್ಳಿ. ಚೌಕಾಸಿಗೆ ಕೂರುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯಲ್ಲ ಅನ್ನುವ ಮೊತ್ತವನ್ನು ಬರೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಎದುರಿಗೆ ಕೂತಾಗ ಕೆಲಸದ ಆಸೆ ಜೋರಾಗಿರುತ್ತದೆ.

ಈಗ ಭಾಗಮಂಡಲ ಕಡೆಯ ಒಂದು ಮನೆಗೆ ಕೊಟೇಶನ್ ಕೇಳಿದ್ದಾರೆ. ಅಳತೆಯೆಲ್ಲ ಮುಗಿದಿದೆ, ಶಿಫ್ಟಿಂಗ್ ಸಾಲು ಮಾತ್ರ ಖಾಲಿ ಇದೆ. ನಾಳೆ ಬೆಳಿಗ್ಗೆ ಟಿಪ್ಪರ್ ಡ್ರೈವರನ್ನು ಜೊತೆಗೆ ಕರೆದುಕೊಂಡು ಹೋಗಿ, ತಿರುವಿನಲ್ಲಿ ಗಾಡಿ ತಿರುಗುತ್ತಾ ನೋಡಿ ಬಂದು ತುಂಬಿಸುತ್ತೇನೆ.