ಹಸಿರು ಬಳ್ಳಿಯನ್ನು ಬಿಸಿಗಿಟ್ಟು ನೋಡಿದ್ದು: ಕಾಳುಮೆಣಸಿನ ಅಡಗು ನಂಜಿನ ಕುರಿತು ನನ್ನ ಅನುಭವ

ಎಲೆ ಮುರುಟಿ, ಗೆಣ್ಣು ಗಿಡ್ಡವಾಗಿ, ಕರೆಯಲ್ಲಿ (ಕಾಳಿನ ಗೊಂಚಲಲ್ಲಿ) ಕಾಳು ತುಂಬದ ಮೆಣಸಿನ ಬಳ್ಳಿಯನ್ನು ಕಿತ್ತು ಸುಡಬೇಕೆಂಬುದು ಸಸಿ ಮಾಡುವ ಎಲ್ಲರಿಗೂ ಗೊತ್ತಿರುವುದರಿಂದ ಅದರ ಬಗ್ಗೆ ಬರೆಯುವುದಿಲ್ಲ. ನನ್ನನ್ನು ಏಳೆಂಟು ವರ್ಷ ಸತಾಯಿಸಿದ್ದು ಯಾವ ಲಕ್ಷಣವನ್ನೂ ತೋರಿಸದೆ ಬಳ್ಳಿಯೊಳಗೆ ಕುಳಿತಿರುವ ವೈರಸ್, ಅಂದರೆ ನಂಜು. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಯಾವ ಬಳ್ಳಿಯನ್ನು ನೋಡಿದರೂ ಹಸಿರಾಗಿಯೇ ಕಾಣುತ್ತದೆ. ಸಸಿ ಮಾಡಲು ಕುಡಿ ಕತ್ತರಿಸುವ ತಾಯಿಬಳ್ಳಿಗೆ ನಾವು ಗುರುತು ಹಾಕುವುದೂ ಹೆಚ್ಚಾಗಿ ಆಗಲೇ.

ಮೆಣಸಿಗೆ ಕಿಲೋಗೆ ಏಳುನೂರರ ಆಸುಪಾಸು ಇದ್ದ ಕಾಲದಲ್ಲಿ, 2016ರಲ್ಲಿ, ಹೊರಗಿನ ನರ್ಸರಿಯೊಂದರಿಂದ ಸುಮಾರು 1,200 ಪಣಿಯೂರು ತಳಿಯ ಮೆಣಸಿನ ಸಸಿ ತಂದು ಅಡಿಕೆ ಮರಗಳಿಗೆ ಹಬ್ಬಿಸಿದೆ. ಎರಡನೆಯ ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಕುಬ್ಜವಾಯಿತು. ಕಿತ್ತೆಸೆಯಲು ಮನಸ್ಸು ಬಾರದೆ ಸತು, ಮೆಗ್ನೀಸಿಯಂ ಇರುವ ಪೋಷಕಾಂಶಗಳನ್ನು ಎಲೆಗೆ ಸಿಂಪಡಿಸಿ, ಬುಡಕ್ಕೆ ಸೂಕ್ಷ್ಮಾಣು ಗೊಬ್ಬರ ಕೊಟ್ಟು ಎರಡು ವರ್ಷ ಸಾಕಿದೆ. ಬಳ್ಳಿಗಳು ಎಷ್ಟು ಚೆನ್ನಾಗಿ ಚೇತರಿಸಿಕೊಂಡವೆಂದರೆ ನೋಡಲು ಹೊಸನಗರ, ಸಾಗರದಿಂದಲೂ ಜನ ಬಂದರು; ನಾನೂ ಉಬ್ಬಿಹೋದೆ. ಅವುಗಳಲ್ಲೇ ಅಂದವಾದವನ್ನು ಆರಿಸಿ, ಹಬ್ಬುಬಳ್ಳಿ ಕತ್ತರಿಸಿ, ನಾಲ್ಕು ಸಾವಿರದಷ್ಟು ಕೊಟ್ಟೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ತುಂಬಿದೆ.

ನನ್ನ ಅತಿ ದೊಡ್ಡ ತಪ್ಪು ಅದೇ. ಗೊಬ್ಬರವು ರೋಗದ ಲಕ್ಷಣವನ್ನು ಮುಚ್ಚಿತ್ತೇ ಹೊರತು ವೈರಸ್ಸನ್ನು ಕೊಂದಿರಲಿಲ್ಲ. ಚೆನ್ನಾಗಿ ಉಂಡ ಬಳ್ಳಿಯನ್ನು ಆರಿಸಿ ನಾನು ರೋಗವನ್ನೇ ಕೊಟ್ಟೆಗೆ ತುಂಬಿ ಮಾರಿದ್ದೆ. ಮಾರನೆಯ ಬೇಸಿಗೆಯಲ್ಲಿ ಫೋನುಗಳು ಬರತೊಡಗಿದವು. ಒಂದಕ್ಕೆ ಮೂವತ್ತು ರೂಪಾಯಿಯಂತೆ ಕೊಟ್ಟಿದ್ದ ಸಸಿಗಳಿಗೆ ನಲವತ್ತು ಸಾವಿರದ ಹತ್ತಿರ ಹಣ ಹಿಂದಿರುಗಿಸಿದೆ, ಕೆಲವರಿಗೆ ಬದಲಿ ಸಸಿ ಕೊಟ್ಟೆ. ಕೂಲಿ, ಮಣ್ಣು, ಕೊಟ್ಟೆ ಎಲ್ಲ ಸೇರಿದರೆ ಲಕ್ಷ ದಾಟಿತು. ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದು ಬೇಡ.

ಆಗ ಹಿಡಿದ ದಾರಿ ಇಷ್ಟೇ: ಬಳ್ಳಿಯನ್ನು ಸುಖದಲ್ಲಿ ನೋಡದೆ ಕಷ್ಟದಲ್ಲಿ ನೋಡುವುದು. ನನ್ನ ಬಳ್ಳಿಗಳನ್ನು ಕಾಡಿದ ಈ ಹಳದಿ ಮಚ್ಚೆ ವೈರಸ್ ಬಿಸಿಲೇರಿದಾಗ ಎಲೆಯಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ, ಮಳೆ ಹಿಡಿದು ತಂಪಾದಾಗ ಮರೆಯಾಗುತ್ತದೆ. ಹಾಗಾಗಿ ನಲವತ್ತು ಬಳ್ಳಿಗಳಿಗೆ ನಂಬರು ಕಟ್ಟಿ, ಒಂದು ವರ್ಷ ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣವೊಂದನ್ನು ಬಿಟ್ಟು ಬೇರೇನನ್ನೂ ಕೊಡದೆ ಉಪವಾಸ ಕೆಡವಿದೆ. ಪ್ರತಿ ಬಳ್ಳಿಯಿಂದ ಹತ್ತು ಸಸಿ ಮಾಡಿ, ಅವು ಐದಾರು ಎಲೆ ಬಿಟ್ಟ ಮೇಲೆ ಮಾರ್ಚ್‌ನಿಂದ ಮೇವರೆಗೆ ನೆರಳುಬಲೆಯಿಲ್ಲದ ಪಾಲಿಥೀನ್ ಗುಡಾರದಲ್ಲಿಟ್ಟೆ. ಮೊದಲ ವರ್ಷ ಪಕ್ಕದ ಪರದೆ ಎತ್ತಲು ಮರೆತು ಮದುವೆಗೆ ಹೋಗಿ, ಸಂಜೆ ಬರುವಷ್ಟರಲ್ಲಿ ಗುಡಾರದೊಳಗಿನ ಸಸಿಗಳೆಲ್ಲ ಬೆಂದ ಸೊಪ್ಪಾಗಿದ್ದವು. ಮರುವರ್ಷ ಮಧ್ಯಾಹ್ನದ ಬಿಸಿ 35ರಿಂದ 38 ಡಿಗ್ರಿಯೊಳಗೆ ನಿಲ್ಲುವಂತೆ ನೋಡಿಕೊಂಡೆ. ನೀರನ್ನು ಯಾವ ಹೊತ್ತಿಗೆ, ಎಷ್ಟು ತಡೆಹಿಡಿಯುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಳೆದುಕೊಂಡ ಲಕ್ಷ ಇನ್ನೂ ಪೂರ್ತಿ ಹುಟ್ಟಿಲ್ಲ.

ಬಿಸಿಗಿಟ್ಟರೆ ಯಾವ ಗಿಡದ ಎಲೆಯೂ ಹಳದಿಯಾಗುತ್ತದೆ, ಇದರಿಂದ ಏನು ತಿಳಿಯುತ್ತದೆ ಎಂದು ಪಕ್ಕದ ತೋಟದವರು ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಕಂಡುಕೊಳ್ಳಲು ನನಗೆ ಎರಡು ಬೇಸಿಗೆ ಹಿಡಿಯಿತು. ಬಿಸಿಲಿನ ಸುಡುವಿಕೆ ಬಲಿತ ಎಲೆಯ ಮೇಲ್ಮುಖದಲ್ಲಿ, ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ಒಣಗಿದ ತೇಪೆಯಂತೆ ಮೂಡುತ್ತದೆ. ನಂಜು ಬರುವುದು ಹೊಸ ಚಿಗುರಿನಲ್ಲಿ. ಬೆಳಿಗ್ಗೆ ಏಳರ ಹೊತ್ತಿಗೆ ಎಳೆಯ ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದರೆ ನರಗಳ ಗುಂಟ ಎಣ್ಣೆ ಹೀರಿದ ಕಾಗದದಂತೆ ತಿಳಿಯಾದ ಗೆರೆಗಳು ಕಾಣುತ್ತವೆ, ಅಂಚು ಒಂದು ಕಡೆಗೆ ಎಳೆದಂತಿರುತ್ತದೆ. ಹತ್ತರಲ್ಲಿ ಒಂದು ಸಸಿ ಹೀಗೆ ತೋರಿಸಿದರೂ ಆ ತಾಯಿಬಳ್ಳಿಯನ್ನು ಪಟ್ಟಿಯಿಂದ ತೆಗೆದುಹಾಕಿದೆ. ನಲವತ್ತರಲ್ಲಿ ಹನ್ನೊಂದು ಉಳಿದವು.

ಉಳಿದವುಗಳ ಎಲೆಗಳನ್ನು, ವೈರಸ್ಸಿನ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳುಹಿಸಿದೆ. ಬಳ್ಳಿಯೊಂದಕ್ಕೆ ಸಾಗಣೆಯೂ ಸೇರಿ ಸಾವಿರದ ಮೇಲೆ ಬಿದ್ದುದರಿಂದ ನಲವತ್ತನ್ನೂ ಕಳುಹಿಸುವ ಶಕ್ತಿ ನನಗಿರಲಿಲ್ಲ. ಗುಡಾರ ಉಳಿಸಿದ್ದು ಈ ಖರ್ಚನ್ನು. ಒಂದು ಸುಕ್ಕೂ ಇಲ್ಲದ ಎರಡು ಬಳ್ಳಿಗಳಲ್ಲಿ ವೈರಸ್ ಪತ್ತೆಯಾಯಿತು. ಆದ್ದರಿಂದ ಗುಡಾರವೊಂದೇ ಸಾಕೆಂದು ನಾನು ಯಾರಿಗೂ ಹೇಳುವುದಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೇರು ಕೊಳೆಸುವ ಸೊರಗು ರೋಗಕ್ಕೆ ಬಗ್ಗದ, ಮೆಣಸಿನ ಕುಲದ್ದೇ ಆದ ಬ್ರೆಜಿಲ್ ಹಿಪ್ಪಲಿಗೆ ಶಂಕಿತ ಬಳ್ಳಿಯ ಕುಡಿಯನ್ನು ಕಸಿ ಕಟ್ಟಿದೆ: ಬೇರು ಗಟ್ಟಿಯಾಗಿ ನಿಂತಿತು, ಮೇಲಿನ ಎಲೆ ಮುರುಟಿಕೊಂಡೇ ಬಂತು. ಹಕ್ಕಿ ಉದುರಿಸಿದ ಬೀಜದ ಸಸಿಗಳು ಶುದ್ಧವಾಗಿರಬಹುದೆಂದುಕೊಂಡಿದ್ದೆ. ಈ ವೈರಸ್ ಬೀಜದ ಮೂಲಕವೂ ದಾಟುತ್ತದೆಂದು ತಿಳಿದ ಮೇಲೆ ಅದನ್ನೂ ಕೈಬಿಟ್ಟೆ.

ತಾಯಿಬಳ್ಳಿ ಶುದ್ಧವಾದರೂ, ರಸ ಹೀರುತ್ತ ವೈರಸ್ಸನ್ನು ಬಳ್ಳಿಯಿಂದ ಬಳ್ಳಿಗೆ ದಾಟಿಸುವ ಹಿಟ್ಟು ತಿಗಣೆ ಬಿಡುವುದಿಲ್ಲ, ಅದನ್ನು ಸಾಕುವ ಇರುವೆಯಂತೂ ಮೊದಲೇ ಬಿಡುವುದಿಲ್ಲ. ಸಸಿಮನೆಯ ಪಕ್ಕದ ಮಾವಿನ ಮರದಲ್ಲಿದ್ದ ಚಗಳಿ ಇರುವೆಯ ಗೂಡನ್ನು ಚಟ್ನಿಯ ಆಸೆಗೆ ಉಳಿಸಿಕೊಂಡು ಒಂದು ವರ್ಷ ಪಾಠ ಕಲಿತೆ. ಎಲೆಯ ಅಡಿಯನ್ನು ಮಾತ್ರ ನೋಡುತ್ತಿದ್ದ ನನಗೆ, ಒಡೆದ ಕೊಟ್ಟೆಯೊಂದರ ಬೇರಿನಲ್ಲಿ ತಿಗಣೆಯ ಬಿಳಿ ಹಿಟ್ಟು ಸಿಕ್ಕಿತು. ಈಗ ನೂರು ಕೊಟ್ಟೆಗೆ ಎರಡನ್ನು ಒಡೆದು ಬೇರು ನೋಡಿಯೇ ಮುಂದಕ್ಕೆ ಹೋಗುತ್ತೇನೆ. ಕೀಟ ಬಾರದಿರಲಿ ಎಂದು ಒತ್ತುಕಣ್ಣಿನ ಬಲೆ ಹಾಕಿದ ಮೊದಲ ಜುಲೈನಲ್ಲಿ ಗಾಳಿಯಾಡದೆ ಮೂರನೆಯ ಒಂದು ಪಾಲು ಸಸಿ ಕೊಳೆತುಹೋಯಿತು. ಆಮೇಲೆ ಸಾಲುಗಳ ಅಂತರ ಹೆಚ್ಚಿಸಿ, ಚಾವಣಿಯನ್ನು ಎತ್ತರಿಸಿದೆ.

ಒಂಬತ್ತು ತಾಯಿಬಳ್ಳಿಗಳಿಂದ ಮಾಡಿ ಮಾರಿದ ಆರು ಸಾವಿರ ಸಸಿಗಳಲ್ಲಿ ಮೂರು ಬೇಸಿಗೆ ಕಳೆದರೂ ದೂರು ಬಂದದ್ದು ಇಪ್ಪತ್ತರೊಳಗೆ. ನಕ್ಕವರೂ ಈಗ ಇನ್ನೂರು ಸಸಿಗೆ ಮುಂಗಡ ಕೊಟ್ಟಿದ್ದಾರೆ, ಗುಡಾರದ ಉದ್ದಗಲವನ್ನೂ ಕೇಳಿಕೊಂಡು ಹೋಗಿದ್ದಾರೆ.

ಆದರೆ ಎರಡು ಸಲ ಪರೀಕ್ಷೆಯಲ್ಲಿ ಗೆದ್ದಿದ್ದ ಏಳನೇ ನಂಬರಿನ ಬಳ್ಳಿ ಈ ಏಪ್ರಿಲ್‌ನಲ್ಲಿ ತುದಿಯ ಒಂದೇ ಒಂದು ಎಲೆಯಲ್ಲಿ ಆ ಎಣ್ಣೆಗೆರೆಯನ್ನು ತೋರಿಸಿತು. ವರದಿಗೆ ಕಾಯದೆ ಬಳ್ಳಿಯನ್ನು ಬುಡಸಹಿತ ಕಿತ್ತು, ಅದರ ಮುನ್ನೂರು ಚಿಲ್ಲರೆ ಸಸಿಗಳೊಂದಿಗೆ ಗುಂಡಿಗೆ ಹಾಕಿ ಸುಟ್ಟೆ. ಅವನ್ನು ಕಾದಿರಿಸಿದ್ದ ಕೊಪ್ಪದ ಕಡೆಯವರಿಗೆ ಹಣ ವಾಪಸು ಹೋಗಿದೆ. ಉಳಿದ ಎಂಟರ ಎಲೆಗಳನ್ನು ಮತ್ತೆ ಪರೀಕ್ಷೆಗೆ ಕಳುಹಿಸಿದ್ದೇನೆ.